ಗರಸಿನ ತಗ್ಗಿನ ಪಾಲು

ನಮ್ಮ ಕಡೆ ಆಸ್ತಿ ಹಂಚುವಾಗ ಒಂದು ಪದ್ಧತಿ ಇದೆ. ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಬೇಕು. ಪಾಲು ಮಾಡುವವನಿಗೆ ಯಾವುದು ತನ್ನ ಕೈಗೆ ಉಳಿಯುತ್ತದೆಂದು ಗೊತ್ತಿರುವುದಿಲ್ಲ, ಆದ್ದರಿಂದ ಎರಡನ್ನೂ ಸಮ ಮಾಡುತ್ತಾನೆ ಎಂಬುದು ಹಳಬರ ನಂಬಿಕೆ. ಪಾಲು ಮಾಡಲು ಕಪಟಿಯೊಬ್ಬ ಕುಳಿತರೆ ಏನಾಗುತ್ತದೆಂದು ಅವರು ಯೋಚಿಸಿದಂತಿಲ್ಲ. ಹಾಗೆ ಕುಳಿತ ಕಪಟಿ ನಾನು.

ನಮ್ಮ ಮಾವನಿಗೆ ಗಂಡುಮಕ್ಕಳಿರಲಿಲ್ಲ. ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳನ್ನು ನನಗೆ ಕೊಟ್ಟು ನನ್ನನ್ನು ಮನೆಯಳಿಯನಾಗಿ ಇಟ್ಟುಕೊಂಡಿದ್ದರು. ಸುರಪುರದ ಹೈಸ್ಕೂಲಿನಲ್ಲಿ ಓದಿ ಪಾಸಾದವನು ನಾನು. ನಮ್ಮ ಓಣಿಯಲ್ಲಿ ಕೈಗೆ ಗಡಿಯಾರ ಕಟ್ಟಿಕೊಂಡು ಕುಂಟೆ ಹೊಡೆಯುತ್ತಿದ್ದ ಮೊದಲ ಮನುಷ್ಯನೂ ನಾನೇ. ದೋರನಹಳ್ಳಿಯ ಆಚೆ ಮಾವನಿಗೆ ಎರಡು ತುಂಡು ಭೂಮಿ ಇತ್ತು. ಒಂದು ಕಪ್ಪು ಎರಿ ಹೊಲ, ಹಿಡಿ ಮಣ್ಣು ಹಿಚುಕಿದರೆ ಬೆರಳಿಗೆ ಅಂಟುವಂಥದ್ದು. ಅದರ ಮಗ್ಗುಲಲ್ಲೇ ಒಂದು ಕೆಂಪು ದಿಬ್ಬ, ಸಜ್ಜೆ ಹುರುಳಿ ಬಿಟ್ಟರೆ ಬೇರೇನೂ ಬಾರದ್ದು.

ಕೃಷ್ಣೆಯ ಕಾಲುವೆ ನಮ್ಮ ಸೀಮೆಗೆ ಬಂದಾಗ ಅದರ ದಂಡೆಯ ರಸ್ತೆಗೆ ಗರಸು ಬೇಕಾಯಿತು. ಗರಸೆಂದರೆ ಕಲ್ಲು ಮಣ್ಣು ಕೂಡಿದ ಕೆಂಪು ಮರಂ. ಅದು ನಮ್ಮ ದಿಬ್ಬದ ಹೊಟ್ಟೆಯಲ್ಲಿ ತುಂಬ ಇತ್ತು. ಗುತ್ತೇದಾರನ ಮಂದಿ ಕೇಳಲು ಬಂದರು. ಮಾವ ನನ್ನ ಮೇಲೆ ಬಿಟ್ಟರು. ಓದಿದವನು ನೀನೇ ಮಾತಾಡು ಎಂದರು. ಮೇಲಿನ ಒಂದು ಮೊಳ ಮಣ್ಣನ್ನು ಮೊದಲು ಕೆರೆದು ಬದಿಗೆ ಗುಡ್ಡೆ ಹಾಕಬೇಕು, ಗರಸು ತೆಗೆದಾದ ಮೇಲೆ ಅಂಚನ್ನು ಇಳಿಜಾರು ಮಾಡಿ ಆ ಮಣ್ಣನ್ನು ಮರಳಿ ಹರಡಬೇಕು ಎಂದು ಮಾತಾಯಿತು. ಮಾತಾಡಿದವನು ನಾನೇ. ಆದರೆ ಟ್ರಾಕ್ಟರುಗಳು ಆ ಗುಡ್ಡೆಯ ಮಣ್ಣನ್ನೂ ತುಂಬಿಕೊಂಡು ಹೋಗುತ್ತಿದ್ದ ದಿನ ನಾನು ಗುತ್ತೇದಾರನ ಡೇರೆಯಲ್ಲಿ ಕುರ್ಚಿಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಕಣ್ಣಾರೆ ನೋಡಿದೆ. ಕುರ್ಚಿ ಕೊಟ್ಟವನ ಎದುರು ಜಗಳ ತೆಗೆಯುವುದು ಹೇಗೆ ಎಂದು ಸುಮ್ಮನಾದೆ. ಕೆಲಸ ಮುಗಿದು ಡೇರೆ ಕಿತ್ತು ಅವರು ಸುರಪುರದ ಕಡೆ ಹೋದರು. ನಮ್ಮ ದಿಬ್ಬವಿದ್ದಲ್ಲಿ ಗೋಡೆಯಂಥ ಅಂಚಿನ ದೊಡ್ಡ ತಗ್ಗು ಉಳಿಯಿತು. ಮಳೆಗಾಲದಲ್ಲಿ ಎಮ್ಮೆ ಬೀಳುತ್ತಿದ್ದವು, ಬೇಸಿಗೆಯಲ್ಲಿ ಜಾಲಿ ಬೆಳೆಯುತ್ತಿತ್ತು.

ಅಷ್ಟರಲ್ಲಿ ಚಿಕ್ಕ ಮಗಳ ಮದುವೆಯಾಗಿತ್ತು. ಅವಳ ಗಂಡ ಗುರುಮಠಕಲ್ ಕಡೆಯವನು, ಮಾತಿನ ನಡುವೆ ತೆಲುಗು ಬೆರೆಸುತ್ತಿದ್ದ, ಯಾದಗಿರಿಯಲ್ಲಿ ಚೀಲ ಹೊರುವ ಕೆಲಸದಲ್ಲಿದ್ದ. ನನಗೆ ಷಡ್ಡಕ. ಅವನಿಗೆ ಸ್ವಂತದ್ದೆಂದು ಒಂದು ಗೇಣು ನೆಲವಿರಲಿಲ್ಲ. ಮಾವ ತಾವು ಗಟ್ಟಿಯಿರುವಾಗಲೇ ಭೂಮಿ ಹಂಚಿಬಿಡಬೇಕೆಂದು ಐದಾರು ಹಿರಿಯರನ್ನು ಕೂರಿಸಿದರು. ಎರಡು ಕಲ್ಲು ಇಟ್ಟು ಪಾಲು ಹೇಳುವುದು ನನ್ನ ಕೆಲಸ.

ಒಂದು ಕಲ್ಲಿಗೆ ಎರಿ ಹೊಲವೊಂದನ್ನೇ ಹೇಳಿದೆ. ಇನ್ನೊಂದಕ್ಕೆ ಗರಸಿನ ತಗ್ಗು, ಅದರ ಜೊತೆ ನಾವಿದ್ದ ಮನೆ, ಎತ್ತಿನ ಜೋಡಿ, ಗಾಡಿ ಎಲ್ಲ ಹೇಳಿದೆ. ಷಡ್ಡಕನ ಹೆಂಡತಿ ಬಸುರಿ, ತಲೆಯ ಮೇಲೆ ಸೂರಿಲ್ಲ. ಮನೆ ಎತ್ತು ನೋಡಿ ಆ ಕಲ್ಲನ್ನೇ ಎತ್ತುತ್ತಾನೆ, ತಗ್ಗು ಅವನ ಕೊರಳಿಗೆ ಬೀಳುತ್ತದೆ, ಮನೆಯನ್ನು ನಾನು ಎರಡು ವರ್ಷದಲ್ಲಿ ಬೇರೆ ಕಟ್ಟಿಕೊಳ್ಳುತ್ತೇನೆ ಎಂದು ನನ್ನ ಲೆಕ್ಕ. ಹಿರಿಯರು ತಲೆದೂಗಿದರು. ಸಮ ಅದ ಎಂದರು.

ಅವನು ಎರಡೂ ಕಲ್ಲು ನೋಡಿದ. ಆಮೇಲೆ ನನ್ನ ಮುಖ ನೋಡಿ ನಕ್ಕ. “ಅಣ್ಣಾ, ತೆಗ್ಗು ಕೊಡೂದಿದ್ರ ಬರೇ ತೆಗ್ಗು ಕೊಡು. ಅದರ ಮ್ಯಾಲ ಮನಿ ಇಟ್ಟು ಯಾಕ ಮುಚ್ಚತಿ?” ಎಂದ.

ಹಿರಿಯರಲ್ಲಿ ಇಬ್ಬರು ಕೆಮ್ಮಿದರು. ಅವನು ತಗ್ಗಿನ ಕಲ್ಲನ್ನೇ ಎತ್ತಿದ. ಎತ್ತಿ, ಎತ್ತು ಗಾಡಿ ಸಾಕು, ಮನೆ ಅಣ್ಣನಿಗೇ ಇರಲಿ, ಅವನ ಮಕ್ಕಳು ಆ ಅಂಗಳದಲ್ಲಿ ಬೆಳೆದಿದ್ದಾರೆ ಎಂದುಬಿಟ್ಟ. ನನಗೆ ಬೇಕಾದದ್ದೆಲ್ಲ ನನಗೇ ಬಂತು. ಎರಿ ಹೊಲವೂ ಬಂತು, ಮನೆಯೂ ಬಂತು. ಮಾವ ಮಾತ್ರ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಎದ್ದು ಅವನ ಹೆಗಲ ಮೇಲೆ ಕೈ ಇಟ್ಟರು. ಅಷ್ಟು ವರ್ಷ ಅವರ ಹೊಲ ಉತ್ತ ನನ್ನ ಹೆಗಲ ಮೇಲೆ ಆ ಕೈ ಒಮ್ಮೆಯೂ ಬಿದ್ದಿರಲಿಲ್ಲ. ಹೊಟ್ಟೆಕಿಚ್ಚು ಹುಟ್ಟಿದ್ದು ಆ ಗಳಿಗೆಯಲ್ಲಿ. ಬೇಕಾದ್ದು ಸಿಗದವನಿಗೆ ಹೊಟ್ಟೆಕಿಚ್ಚು ಬರುತ್ತದೆ ಎನ್ನುತ್ತಾರೆ. ನನಗೆ ಎಲ್ಲ ಸಿಕ್ಕ ದಿನವೇ ಬಂತು.

ಷಡ್ಡಕ ತಗ್ಗಿನ ಅಂಚಿನಲ್ಲಿ ಗುಡಿಸಲು ಹಾಕಿದ. ಮಾವ ಹಾಸಿಗೆ ಸುತ್ತಿಕೊಂಡು ಅಲ್ಲಿಗೇ ಹೋದರು. ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು ನನ್ನ ಹೆಂಡತಿ ಅತ್ತಳು. ಅವರು ಅವಳಿಗೆ ಸಮಾಧಾನ ಹೇಳಿದರು: “ದಿಬ್ಬ ಒಯ್ಯಾಕ ಹೂಂ ಅಂದಾವ ನಾನು. ಅದು ಮತ್ತ ಭೂಮಿ ಆಗೂದು ನೋಡಬೇಕವ್ವ. ಆ ತೆಗ್ಗಿನ ಜ್ವಾಳದ ಒಂದು ರೊಟ್ಟಿ ತಿಂದ್ರ ನನ್ನ ಜೀವ ತಣ್ಣಗ ಹೋಗ್ತದ.”

ಅದು ಊರಿಗೆಲ್ಲ ಗೊತ್ತಾಯಿತು. ಅಲ್ಲಿಂದ ಅವರ ಆಸೆ ಒಂದೇ ಆಯಿತು, ಷಡ್ಡಕನ ಗುರಿಯೂ ಅದೇ ಆಯಿತು. ಅದು ಈಡೇರಬಾರದು ಎಂದು ಬಯಸಿದವನು ಜಗತ್ತಿನಲ್ಲಿ ನಾನೊಬ್ಬನೇ.

ಗರಸು ತೆಗೆದ ನೆಲ ಸತ್ತ ನೆಲ. ಗುದ್ದಲಿ ಬಿದ್ದರೆ ಠಣ್ ಎನ್ನುತ್ತದೆ. ಷಡ್ಡಕ ಮೊದಲು ಗೋಡೆಯಂಥ ಅಂಚುಗಳನ್ನು ಕಡಿದು ಇಳಿಜಾರು ಮಾಡಿದ. ಹಳ್ಳದ ಕಡೆಯ ಅಂಚನ್ನು ಪೂರ್ತಿ ಸೀಳಿ, ನಿಂತ ನೀರು ಹರಿದುಹೋಗುವಂತೆ ದಾರಿ ಬಿಟ್ಟ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಯಲ್ಲಿ ಹೂಳು ಹೇರಿ ತಂದ. ಹೆಂಡತಿ ಬುಟ್ಟಿಯಲ್ಲಿ ಹರಡುತ್ತಿದ್ದಳು, ಕೂಸು ಗಾಡಿಯ ನೆರಳಿನಲ್ಲಿ ಜೋಳಿಗೆಯಲ್ಲಿ ಮಲಗಿರುತ್ತಿತ್ತು. ಮಾವ ಕುಕ್ಕುರುಗಾಲಲ್ಲಿ ಕುಳಿತು ಕಲ್ಲು ಆರಿಸುತ್ತಿದ್ದರು. ಮುಂಗಾರಿಗೆ ಸೆಣಬು ಬಿತ್ತಿ, ಮೊಣಕಾಲೆತ್ತರ ಬಂದಾಗ ಅದನ್ನು ಹಸಿರಾಗಿಯೇ ಮಣ್ಣಿಗೆ ಮಗುಚಿದರು. ಅಂಥ ಹಸಿರು ಪೈರನ್ನು ಹಾಳು ಮಾಡುವುದು ಕಂಡು ಊರವರು ನಕ್ಕರು. ನಗಿಸಿದವನು ನಾನು. ಚಹಾದಂಗಡಿಯಲ್ಲಿ ಅವನಿಗೆ ‘ತೆಗ್ಗಿನ ದೇಸಾಯಿ’ ಎಂದು ಹೆಸರಿಟ್ಟೆ. ಅವನ ಕಿವಿಗೂ ಬಿತ್ತು. ಮರುವಾರದಿಂದ ಯಾರಾದರೂ ನೀವು ಯಾರು ಎಂದು ಕೇಳಿದರೆ ತಾನೇ “ತೆಗ್ಗಿನ ದೇಸಾಯಿ ನಾನ ನೋಡ್ರಿ, ಅರಮನಿ ಅಲ್ಲದ” ಎಂದು ಗುಡಿಸಲು ತೋರಿಸುತ್ತಿದ್ದ. ನಾನು ಇಟ್ಟ ಹೆಸರಿನಿಂದಲೇ ಮಂದಿ ಅವನನ್ನು ಹಚ್ಚಿಕೊಂಡರು. ಅದಕ್ಕೂ ನನಗೆ ಉರಿಯಿತು.

ದಿನಾ ಸಂಜೆ ನನ್ನ ಹೊಲದ ಬದುವಿನ ಮೇಲೆ ನಿಂತು ತಗ್ಗಿನೊಳಗೆ ಇಣುಕುವುದು ಚಟವಾಯಿತು. ನನ್ನ ಕಡೆ ಕಾಲುವೆಯ ನೀರು, ಕಪ್ಪು ಮಣ್ಣು, ಎದೆಮಟ್ಟ ಬೆಳೆ. ಅವನ ಕಡೆ ಕೆಂಪು ಗರಸಿನ ಮೇಲೆ ಹರಿದ ಕಂಬಳಿಯ ಹಾಗೆ ತೆಳ್ಳಗೆ ಹರಡಿದ ಹೂಳು. ಆದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮಾವ ಒಂದು ಹಿಡಿ ಮಣ್ಣು ಎತ್ತಿ ಮೂಸಿ ಚಿಕ್ಕ ಅಳಿಯನಿಗೆ ತೋರಿಸುತ್ತಿದ್ದರು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಎಂಥ ಜೋಳ ಬೆಳೆದರೂ ಮಾವ ಅದನ್ನು ಎರಿ ಹೊಲ ಬೆಳೆಯಿತು ಎನ್ನುತ್ತಿದ್ದರು, ನಾನು ಬೆಳೆದೆ ಎನ್ನುತ್ತಿರಲಿಲ್ಲ.

ಹೂಳು ಬಿದ್ದರೂ ಆ ನೆಲಕ್ಕೆ ಜೀವ ಬರಲು ಕುರಿ ಬೇಕಿತ್ತು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಕುರಿಗಾರರು ಮಂದೆ ಹೊಡೆದುಕೊಂಡು ಊರಿಂದೂರಿಗೆ ನಡೆಯುತ್ತಾರೆ. ಹೊಲದವರು ಕರೆದರೆ ಹೊಲದಲ್ಲಿ ಕುರಿ ತರುಬುತ್ತಾರೆ. ಹಗಲು ಮೇಯಿಸಿ ಕತ್ತಲಾದ ಮೇಲೆ ಒಂದು ಹೊಲದಲ್ಲಿ ಕೂಡಿಹಾಕಿದರೆ ಹಿಕ್ಕೆ ಗಂಜಲದಿಂದ ನೆಲ ಕಾವು ಹಿಡಿಯುತ್ತದೆ. ಹೊಲದವರು ಅದಕ್ಕೆ ಜೋಳ ಅಳೆದು ಕೊಡುತ್ತಾರೆ. ಮೊದಲೇ ಎಲೆ ಅಡಿಕೆ ಕೊಟ್ಟು ಮಾತು ಹಿಡಿಯಬೇಕು. ಎಲೆ ಅಡಿಕೆ ತೆಗೆದುಕೊಂಡ ಕುರಿಗಾರ ಮಾತಿಗೆ ತಪ್ಪುವುದಿಲ್ಲ. ಷಡ್ಡಕ ಬಳಿಚಕ್ರದ ಕಡೆಯ ಒಬ್ಬ ಕುರಿಗಾರನಿಗೆ ಶಿವರಾತ್ರಿಯ ಹೊತ್ತಿಗೇ ಎಲೆ ಅಡಿಕೆ ಕೊಟ್ಟು ಬಂದಿದ್ದ. ಈ ಹಿಂಗಾರಿಗೆ ಜೋಳ ಬಿತ್ತಿದರೆ ಮಾವ ರೊಟ್ಟಿ ತಿನ್ನುತ್ತಾರೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದ. ಮಾವನಿಗೆ ಆಗಲೇ ಉಬ್ಬಸ ಹಿಡಿದಿತ್ತು. ಇನ್ನೊಂದು ವರ್ಷ ಕಾಯುವ ಶಕ್ತಿ ಅವರಿಗಿಲ್ಲವೆಂದು ನನಗೂ ಗೊತ್ತಿತ್ತು. ಅದು ಗೊತ್ತಿದ್ದೇ ಮಾಡಿದೆ.

ಮಂದೆ ಬರುವ ಬೆಳಿಗ್ಗೆ ಕಾಲುವೆಯ ಸೇತುವೆಯ ಹತ್ತಿರ ಹೋಗಿ ನಿಂತೆ. ಕುರಿಗಾರ ನನಗಿಂತ ತುಸು ದೊಡ್ಡವನು, ಹೆಗಲ ಮೇಲೆ ಕಂಬಳಿ, ಕಂಬಳಿಯ ಮಡಿಕೆಯಲ್ಲಿ ಅದೇ ತಾನೆ ಹುಟ್ಟಿದ ಮರಿ. ಅವನಿಗೆ ಬೀಡಿ ಕೊಟ್ಟು, ನಿನ್ನ ಒಳ್ಳೆಯದಕ್ಕೇ ಹೇಳುತ್ತೇನೆ ಎಂದು ಶುರು ಮಾಡಿದೆ. ಆ ತಗ್ಗಿನಲ್ಲಿ ಕಾಲುವೆಯ ಬಸಿನೀರು ನಿಂತಿದೆ, ಅದನ್ನು ಕುಡಿದು ನಮ್ಮ ಎರಡು ಆಡು ಹೊಟ್ಟೆಯುಬ್ಬಿ ಸತ್ತವು, ಕೆರೆಯ ಹೂಳಿನ ಜೊತೆ ರೋಗವೂ ಬಂದಿದೆ ಎಂದೆ. ಕಾಲುವೆ ಬಂದ ಹೊಸದರಲ್ಲಿ ನಿಂತ ನೀರಿನಿಂದ ಕುರಿಗಳಿಗೆ ಕಂಡರಿಯದ ರೋಗಗಳು ಬರುತ್ತಿದ್ದವು. ಕುರಿಗಾರರೆಲ್ಲ ಹೆದರಿದ್ದರು. ಆ ಹೆದರಿಕೆಯ ಮೇಲೆ ನನ್ನ ಸುಳ್ಳನ್ನು ಹತ್ತಿಸಿ ಕೂರಿಸಿದೆ.

ಅವನು ಬೀಡಿ ಆರಿಸಿದ. ಎಲೆ ತಗೊಂಡೀನಲ್ಲ ಎಂದ. ಆಮೇಲೆ ಮರಿಯ ಕಿವಿ ಸವರುತ್ತ, ಇವುಗಳ ಜೀವ ನನ್ನ ಕೈಯಲ್ಲಿದೆ ಎಂದ. ನನ್ನ ಹೊಲಕ್ಕೆ ಬಾ, ಒಳ್ಳೆಯ ಎರಿ ಎಂದು ಕರೆದೆ. ನನ್ನ ಹೆಸರು ಮಾತ್ರ ಎಲ್ಲೂ ಎತ್ತಬೇಡ, ಸಂಬಂಧಿಕರ ನಡುವೆ ಕೆಡುತ್ತದೆ ಎಂದು ಅವನ ಕೈ ಹಿಡಿದುಕೊಂಡೆ. ಅವನು ಮಾತು ಕೊಟ್ಟ.

ಕುರಿ ನನ್ನ ಹೊಲದಲ್ಲಿ ಬಿದ್ದವು. ಷಡ್ಡಕ ಬದುವಿನ ಆಚೆ ನಿಂತು ನೋಡಿದ. ಅವರಾಗಿಯೇ ಬಂದರು, ಒಲ್ಲೆ ಅನ್ನಲಾಗಲಿಲ್ಲ ಎಂದು ನಾನು ಹೇಳಿದೆ. ಅವನು ಸೀದಾ ಶಹಾಪುರದ ಸಂತೆಗೆ ಹೋಗಿ ಕುರಿಗಾರನನ್ನು ಹಿಡಿದು, ಎಲೆ ತಿಂದು ಮಾತಿಗೆ ತಪ್ಪಿದವನೇ ಎಂದು ನಾಲ್ಕು ಮಂದಿಯ ಎದುರು ಬಯ್ದು ಮಾರಿಗೆ ಉಗುಳಿದ. ಕುರಿಗಾರ ತಲೆ ಬಗ್ಗಿಸಿ ನಿಂತಿದ್ದನಂತೆ, ಕಾರಣ ಹೇಳಲೇ ಇಲ್ಲವಂತೆ. ಹೇಳಿದ್ದರೆ ಯಾರಂದರು ಎಂಬ ಮಾತು ಬಂದು ನನ್ನ ಹೆಸರು ಹೊರಬೀಳುತ್ತಿತ್ತು. ಇದನ್ನು ಷಡ್ಡಕನೇ ನನ್ನ ಮುಂದೆ ಬಂದು ಹೇಳಿಕೊಂಡ. ಬೇರೆ ಮಂದೆಯವರನ್ನು ಕೇಳಿದರೂ ಯಾರೂ ಒಪ್ಪಲಿಲ್ಲ, ಯಾಕೆಂದು ಬಾಯಿಬಿಡಲೂ ಇಲ್ಲ. ಕುರಿಗಾರರ ಮಾತು ಕುರಿಯ ಜೊತೆ ನಡೆಯುತ್ತದೆ. ನಾನು ಒಬ್ಬನಿಗೆ ಹೇಳಿದ್ದು ಎಲ್ಲ ದಾರಿಗಳಲ್ಲೂ ಹೋಗಿತ್ತು.

ಅವನು ಹಾಗೆಯೇ ಜೋಳ ಬಿತ್ತಿದ. ಹುಟ್ಟುವಾಗ ಚೆನ್ನಾಗಿಯೇ ಹುಟ್ಟಿತು. ಗೇಣುದ್ದ ಬಂದ ಮೇಲೆ ಹಳದಿಗೆ ತಿರುಗಿತು. ಸುಗ್ಗಿಯ ಹೊತ್ತಿಗೆ ಕಡ್ಡಿಯಂಥ ದಂಟು, ತೆನೆಯಲ್ಲಿ ಕಾಳಿಲ್ಲ. ಬದುವಿನ ಈಚೆ ನನ್ನ ಜೋಳದ ತೆನೆ ಮುತ್ತಿನ ಹಾಗೆ ಕಟ್ಟಿತ್ತು. ಆ ವರ್ಷದಷ್ಟು ಒಳ್ಳೆಯ ಜೋಳ ನಾನು ಮುಂದೆಂದೂ ಬೆಳೆದಿಲ್ಲ.

ಮಾವ ಹಾಸಿಗೆ ಹಿಡಿದಿದ್ದರು. ಗುಡಿಸಲಿನ ಹೊರಗೆ ಬೇವಿನ ಕೆಳಗೆ ಹೊರಸಿನ ಮೇಲೆ ಮಲಗಿರುತ್ತಿದ್ದರು. ಕಣ್ಣು ಮಂಜಾಗಿತ್ತು. ತಗ್ಗಿನ ಪೈರು ಅವರಿಗೆ ಮಬ್ಬು ಮಬ್ಬಾಗಿ ಕಾಣುತ್ತಿತ್ತಷ್ಟೆ. ಒಕ್ಕಣೆ ಆಯಿತೇನು ಎಂದು ದಿನಾ ಕೇಳುತ್ತಿದ್ದರು. ಕೊನೆಗೆ ಅಕ್ಕತಂಗಿಯರು ಕೂಡಿ ಒಂದು ಯೋಚನೆ ಮಾಡಿದರು. ನಮ್ಮ ಮನೆಯ ಹೊಸ ಜೋಳ ಬೀಸಿ ರೊಟ್ಟಿ ಬಡಿದು ಇದು ತಗ್ಗಿನ ಜೋಳ ಎಂದು ಅಪ್ಪನಿಗೆ ತಿನ್ನಿಸುವುದು. ನನ್ನ ಹೆಂಡತಿ ಬಂದು ಕೇಳಿದಳು. ಆಗಲಿ ಎಂದೆ. ಇಲ್ಲವೆನ್ನಲು ಕಾರಣ ಸಿಗಲಿಲ್ಲ.

ಮಧ್ಯಾಹ್ನ ಎಲ್ಲರೂ ಹೊರಸಿನ ಸುತ್ತ ಕುಳಿತಿದ್ದೆವು. ಷಡ್ಡಕ ಅವರ ಬೆನ್ನಿಗೆ ಕೈ ಕೊಟ್ಟು ಕೂರಿಸಿದ. ಚಿಕ್ಕ ಮಗಳು ಬಿಸಿ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, “ತೆಗ್ಗಿನ ಜ್ವಾಳದ್ದು ಅಪ್ಪಾ” ಎಂದು ಬಾಯಿಗಿಟ್ಟಳು. ಮಾವ ನಿಧಾನವಾಗಿ ಅಗಿದರು. ಕಣ್ಣಿನಿಂದ ನೀರು ಇಳಿಯಿತು. ಇನ್ನೊಂದು ತುತ್ತಿಗೆ ಬಾಯಿ ತೆರೆದರು. ತಡವರಿಸಿ ಷಡ್ಡಕನ ಕೈ ಹುಡುಕಿ ಹಿಡಿದುಕೊಂಡರು.

“ಏನ್ ಸವಿ ಅದಪಾ. ನಮ್ಮ ಎರಿ ಹೊಲದಾಗೂ ಇಂಥಾ ಜ್ವಾಳ ಬಂದಿದ್ದಿಲ್ಲ. ನೀ ಮನಶ್ಯಾ ಅಂದ್ರ ಮನಶ್ಯಾ” ಎಂದರು.

ಅದು ನನ್ನ ಜೋಳ. ನನ್ನ ಹೊಲದ್ದು, ನನ್ನ ಬೆವರಿನದು. ನನ್ನ ಕಳ್ಳತನದ ಕುರಿಯಿಂದ ಬೆಳೆದದ್ದು ಎಂಬುದು ಆ ಗಳಿಗೆ ನೆನಪಾಗಲಿಲ್ಲ. ಅಷ್ಟು ವರ್ಷ ನಾನು ಕಾದ ಮಾತು ಕೊನೆಗೂ ಅವರ ಬಾಯಿಂದ ಬಂತು, ಬಂದು ಬೇರೆಯವನಿಗೆ ಹೋಯಿತು. ನನ್ನ ಬಾಯಿ ತಾನಾಗಿ ಮಾತಾಡಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೇನಿಲ್ಲ. ತಿಳಿದೇ ಮಾತಾಡಿದೆ.

“ಮಾವಾ, ಅದು ನಮ್ಮ ಎರಿ ಹೊಲದ ಜ್ವಾಳರಿ. ತೆಗ್ಗಿನ್ಯಾಗ ಏನೂ ಬಂದಿಲ್ಲ” ಎಂದೆ.

ಅವರ ದವಡೆ ನಿಂತಿತು. ಬಾಯಲ್ಲಿದ್ದ ತುತ್ತನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈಯಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. “ಹೌದೇನು” ಎಂದರು. ಮಲಗಿಸು ಎಂದು ಕೈಸನ್ನೆ ಮಾಡಿದರು. ಆಮೇಲೆ ಅವರು ಗಂಜಿ ಕುಡಿದರು, ಹಾಲು ಕುಡಿದರು, ರೊಟ್ಟಿ ಮುಟ್ಟಲಿಲ್ಲ. ಯುಗಾದಿಯವರೆಗೂ ಉಳಿಯಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಚಿಕ್ಕ ಮಗಳು ನನ್ನ ಮೇಲೆ ಹರಿಹಾಯ್ದಳು. ಒಂದು ತುತ್ತು ಸುಳ್ಳು ತಿನ್ನಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಭಾವ ಎಂದು ಕೇಳಿದಳು. ಆಗ ಷಡ್ಡಕ ನಡುವೆ ಬಂದ. ಹೆಂಡತಿಗೆ, “ಸುಮ್ಮನಿರು. ಅಣ್ಣಗ ಸುಳ್ಳು ಬರಂಗಿಲ್ಲ. ಏನ್ ಮಾಡ್ತಾನ ಅವ?” ಎಂದ. ಪಾಲಿನ ದಿನ ನನ್ನ ಕಪಟವನ್ನು ನಾಲ್ಕು ಜನರ ಎದುರು ಬಯಲು ಮಾಡಿದವನೇ ಈ ಮಾತು ಹೇಳಿದ. ಸಿಟ್ಟು ಮರೆತಿದ್ದನೋ, ಹೆಂಡತಿಯನ್ನು ಸುಮ್ಮನಿರಿಸಬೇಕಿತ್ತೋ ತಿಳಿಯದು. ಆದರೆ ಮಾತು ಊರಲ್ಲಿ ನಿಂತುಬಿಟ್ಟಿತು. ಸಾಯುವ ಮಾವನ ಎದುರೂ ಸುಳ್ಳಾಡದ ಮನುಷ್ಯ ಎಂದು ಮಂದಿ ಹೇಳತೊಡಗಿದರು. ಜಗಳ ಬಗೆಹರಿಸಲು ನನ್ನನ್ನು ಕರೆದರು. ನಾನು ಹೋದೆ. ಒಗೆದ ಅಂಗಿ ತೊಟ್ಟು ಹೋಗಿ ನ್ಯಾಯ ಹೇಳಿ ಬಂದೆ, ಎಷ್ಟೋ ವರ್ಷ.

ತಗ್ಗು ಮುಂದೆ ಭೂಮಿಯಾಯಿತು. ಕುರಿ ಬಾರದಿದ್ದರೂ ಅವನು ಬಿಡಲಿಲ್ಲ. ಊರ ದನಗಳ ಸಗಣಿ ಕೇಳಿ ತಂದ, ಬೂದಿ ತಂದ, ಹೊಂಗೆಯ ಸೊಪ್ಪು ತಂದ, ವರ್ಷ ವರ್ಷ ಹೂಳು ಹೇರಿದ. ಮಾವ ಹೋದ ಎಷ್ಟೋ ಸುಗ್ಗಿಗಳ ಮೇಲೆ ಅಲ್ಲಿ ಜೋಳ ಕಾಳು ಕಟ್ಟಿತು. ಮೊದಲ ರೊಟ್ಟಿಯನ್ನು ಮಾವನ ಗೋರಿಯ ಮೇಲಿಟ್ಟು ಬಂದರು. ನಾನು ಹೊಟ್ಟೆನೋವೆಂದು ಹೋಗಲಿಲ್ಲ. ಈಗ ಅಲ್ಲಿ ತೊಗರಿ ಬೆಳೆಯುತ್ತದೆ, ಲಿಂಬೆ ಗಿಡಗಳಿವೆ. ಹೊಸಬರಿಗೆ ಅದು ತಗ್ಗಾಗಿತ್ತೆಂದು ಹೇಳಿದರೆ ನಂಬುವುದಿಲ್ಲ.

ಹೋದ ವರ್ಷ ಷಡ್ಡಕ ತನ್ನ ಇಬ್ಬರು ಮಕ್ಕಳಿಗೆ ಆ ಹೊಲ ಹಂಚಬೇಕೆಂದ. ಪಾಲು ಮಾಡಿ ಕಲ್ಲು ಇಡಲು ನನ್ನನ್ನೇ ಕರೆದ. ಅಣ್ಣ ಇಟ್ಟ ಕಲ್ಲಾದರೆ ಯಾರೂ ತಕರಾರು ತೆಗೆಯುವುದಿಲ್ಲ ಎಂದು ಮಕ್ಕಳ ಎದುರು ಹೇಳಿದ. ಕೈಯಲ್ಲಿ ಕಲ್ಲು ಹಿಡಿದು ಆ ಹೊಲದಲ್ಲಿ ನಿಂತೆ. ಇಡಲಾಗಲಿಲ್ಲ. ಬಿಸಿಲು ಹತ್ತಿತೇನೋ ಎಂದು ಅವನು ನನ್ನನ್ನು ಲಿಂಬೆಯ ನೆರಳಿಗೆ ಕರೆದುಕೊಂಡು ಹೋದ. ಅಲ್ಲೇ ಎಲ್ಲ ಹೇಳಿಬಿಟ್ಟೆ. ಡೇರೆಯ ಕುರ್ಚಿ, ಸೇತುವೆ, ಬೀಡಿ, ಸಾಯದ ಆಡುಗಳು, ರೊಟ್ಟಿಯ ದಿನ ನನ್ನ ಬಾಯಲ್ಲಿದ್ದದ್ದು ಸತ್ಯವಲ್ಲ, ಹೊಟ್ಟೆಕಿಚ್ಚು ಎಂಬುದು. ಹೇಳುತ್ತ ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಕಾಲು ಹಿಂದಕ್ಕೆಳೆದುಕೊಂಡ.

ಬಯ್ಯುತ್ತಾನೆ ಎಂದುಕೊಂಡಿದ್ದೆ. ಇಲ್ಲವೇ ಹೋಗಲಿ ಬಿಡು ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದೇ ಬೇರೆ.

“ಹಂಗಾರ ಆ ಕುರಿಗಾರ ಮಾತಿಗಿ ತಪ್ಪಿದ್ದಿಲ್ಲ?”

ಇಲ್ಲ ಎಂದೆ.

“ಸಂತ್ಯಾಗ ಅವನ ಮಾರಿಗಿ ಉಗುಳೇನಿ ನಾನು. ಅವ ತಿರುಗಿ ಒಂದ ಮಾತು ಅಂದಿಲ್ಲ. ನಿನ್ನ ಹೆಸರು ಹೇಳಬ್ಯಾಡ ಅಂದಿದ್ದಿಯೇನು?”

ಹೌದು ಎಂದೆ.

“ನೀ ನನ್ನ ಮುಂದ ಅತ್ತರ ಏನಾಗ್ತದ? ಅವನ ಕಡಿ ಹೋಗು. ಹೋಗಿ ಬಂದ ಮ್ಯಾಲ ನಮ್ಮನಿಗಿ ಬಾ. ಅಲ್ಲಿತನಕ ಬರಬ್ಯಾಡ” ಎಂದ. ಎದ್ದು ಹೋದ. ಕಲ್ಲುಗಳನ್ನು ಅವನೇ ಇಟ್ಟನಂತೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಆರಿಸುತ್ತಲೇ ಇದ್ದಳು. ನನಗೆ ಈಗಲೂ ಊಟಕ್ಕೆ ಹಾಕುತ್ತಾಳೆ. ಆದರೆ ಅವಳ ಅಪ್ಪನ ಸುದ್ದಿಯನ್ನು ನನ್ನೆದುರು ಎತ್ತುವುದಿಲ್ಲ. ನಾನು ಒಳಗೆ ಬಂದರೆ ಅಕ್ಕತಂಗಿಯರು ಆ ಮಾತು ನಿಲ್ಲಿಸುತ್ತಾರೆ.

ಬಳಿಚಕ್ರಕ್ಕೆ ಬಸ್ಸಿನಲ್ಲಿ ಹೋದೆ. ಕುರಿಗಾರ ಬದುಕಿದ್ದ. ಮೊಣಕಾಲು ಸೋತು ಮಂದೆಯ ಹಿಂದೆ ಹೋಗುವುದನ್ನು ಬಿಟ್ಟಿದ್ದ, ಮಂದೆ ಮಗನ ಕೈಯಲ್ಲಿತ್ತು. ಕಟ್ಟೆಯ ಮೇಲೆ ಕುಳಿತು ಉಣ್ಣೆ ಬಿಡಿಸುತ್ತಿದ್ದ. ನನ್ನ ಗುರುತು ಹತ್ತಲಿಲ್ಲ. ಸೇತುವೆ ಎಂದೊಡನೆ ಹತ್ತಿತು. ಎಲ್ಲ ಕೇಳಿದ ಮೇಲೆ ಕೈಯಲ್ಲಿದ್ದ ಉಣ್ಣೆಯನ್ನು ಬುಟ್ಟಿಗೆ ಹಾಕಿದ.

“ನೀ ಸುಳ್ಳು ಹೇಳಿದ್ದು ಒಬ್ಬಗ. ನಾ ಎಷ್ಟು ಮಂದಿಗಿ ಹೇಳೇನಿ, ಗೊತ್ತದೇನು ನಿನಗ? ಆ ಭೂಮಿ ಕೆಟ್ಟದ್ದು ಅಂತ ಹಟ್ಟಿ ಹಟ್ಟಿಗಿ ಹೇಳೇನಿ. ಒಳ್ಳೇದು ಮಾಡ್ತೀನಿ ಅಂತ ತಿಳ್ಕೊಂಡು ಹೇಳೇನಿ. ಅವರೊಳಗ ಅರ್ಧ ಮಂದಿ ಸತ್ತು ಹೋಗ್ಯಾರ.”

ಷಡ್ಡಕ ಬಯ್ದದ್ದಕ್ಕೆ ಅವನಿಗೆ ಬೇಸರವಿರಲಿಲ್ಲ. ಎಲೆ ಕೊಟ್ಟವನು ಬಯ್ಯದೆ ಇನ್ನೇನು ಮಾಡುತ್ತಾನೆ ಎಂದ. ತಾನು ಒಂದು ಭೂಮಿಗೆ ಕೆಟ್ಟ ಹೆಸರು ತಂದೆನಲ್ಲ ಎಂಬುದೇ ಅವನನ್ನು ಸುಡುತ್ತಿತ್ತು. ನನ್ನನ್ನು ಕ್ಷಮಿಸುವ ಮಾತೂ ಆಡಲಿಲ್ಲ, ಶಪಿಸುವ ಮಾತೂ ಆಡಲಿಲ್ಲ. ಕೋಲು ಹಿಡಿದು ಎದ್ದು, ನಡಿ, ಆ ಹೊಲ ತೋರಿಸು ಎಂದ.

ಮರುದಿನ ಅವನನ್ನು ಕರೆದುಕೊಂಡು ಬಂದೆ. ಷಡ್ಡಕ ಹೊಲದಲ್ಲಿದ್ದ. ದೂರದಿಂದಲೇ ಗುರುತಿಸಿ ತಲೆಯ ರುಮಾಲು ತೆಗೆದ. ಕುರಿಗಾರ ಕೂತು ನೆಲ ಮುಟ್ಟಿ ನೋಡಿ, ಇದು ತೆಗ್ಗು ಇತ್ತೇನು ಎಂದ. ಷಡ್ಡಕ ಅವನನ್ನು ಬದುವಿನುದ್ದಕ್ಕೂ ಕರೆದುಕೊಂಡು ಹೋಗಿ ಎಲ್ಲಿ ಗೋಡೆಯಿತ್ತು, ಎಲ್ಲಿ ಸೀಳಿದೆ, ಎಲ್ಲಿ ಮೊದಲು ಹೂಳು ಹಾಕಿದೆ ಎಂದು ತೋರಿಸಿದ. ನಾನು ಲಿಂಬೆಯ ಹತ್ತಿರ ನಿಂತಿದ್ದೆ. ಅವರ ಮಾತು ನನಗೆ ಕೇಳಿಸುತ್ತಿರಲಿಲ್ಲ. ಒಮ್ಮೆ ಇಬ್ಬರೂ ನಕ್ಕರು. ನಾನು ಕೂಡಿಸಿದ ಜೋಡಿ ಅದು, ನಾನು ಬಸ್ಸಿನಲ್ಲಿ ಕರೆತಂದವನು, ಆದರೂ ಆ ನಗೆಯಲ್ಲಿ ನನಗೆ ಜಾಗವಿಲ್ಲವಲ್ಲ ಎಂದು ಹಳೆಯ ಜಾಗದಲ್ಲೇ ಉರಿಯಿತು. ಪಶ್ಚಾತ್ತಾಪಕ್ಕೆಂದು ಹೋಗಿ ನಿಂತ ಹೊತ್ತಿನಲ್ಲೂ ಹಾಗಾಯಿತು. ಇದನ್ನು ಬರೆಯದಿದ್ದರೆ ಉಳಿದದ್ದು ಬರೆದು ಉಪಯೋಗವಿಲ್ಲ.

ಈ ಸಲ ಸುಗ್ಗಿ ಮುಗಿದ ಮೇಲೆ ಕುರಿಗಾರನ ಮಗ ಮಂದೆ ಹೊಡೆದುಕೊಂಡು ಬಂದ. ಜೊತೆಗಿದ್ದ ಬೇರೆ ಮಂದೆಯವರು ಸೇತುವೆಯ ಆಚೆಯೇ ನಿಂತರು. ನಾನು ಹೋಗಿ ಸುಳ್ಳು ಹೇಳಿದವನು ನಾನೇ ಎಂದೆ. ಅವರಲ್ಲೊಬ್ಬ ನಕ್ಕು, ನಮ್ಮ ಹಿರಿಯರು ಹೇಳಿದ್ದನ್ನು ನಿನ್ನಂಥ ಮುದುಕನೊಬ್ಬ ಬಂದು ಇಲ್ಲವೆಂದರೆ ಬಿಟ್ಟುಬಿಡಬೇಕೇನು ಎಂದ. ಅವರು ಬೇರೆ ದಾರಿ ಹಿಡಿದರು. ಒಂದು ಮಂದೆ ಮಾತ್ರ ಹೊಲಕ್ಕಿಳಿಯಿತು.

ಷಡ್ಡಕನ ಹೊಲದ ಕೆಲಸ ಮುಗಿಯುವ ಹೊತ್ತಿಗೆ ಕುರಿಗಾರನ ಮಗ ನನ್ನ ಬದುವಿಗೆ ಬಂದು, ನಿಮ್ಮ ಹೊಲದಲ್ಲೂ ತರುಬಲೇನು ಎಂದು ಕೇಳಿದ. ನನ್ನ ಎರಿಗೂ ಈಗ ಗೊಬ್ಬರ ಬೇಕು, ಕಾಲುವೆಯ ನೀರು ಕುಡಿದು ಕುಡಿದು ಒಂದು ಮೂಲೆ ಉಪ್ಪು ಹತ್ತಿ ಸವಳಾಗಿದೆ. ಷಡ್ಡಕ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದ.

“ಬ್ಯಾಡಪಾ. ಇನ್ನೊಂದು ವಾರ ಅಲ್ಲೇ ಇರಲಿ, ಜ್ವಾಳ ನಾ ಅಳೀತೀನಿ” ಎಂದೆ.

ಸಂತೋಷದಿಂದ ಹೇಳಲಿಲ್ಲ, ಹಲ್ಲು ಕಚ್ಚಿ ಹೇಳಿದೆ. ಕುರಿಗಳ ಸುತ್ತ ಕಟ್ಟಿದ ಬಲೆಯ ಗೂಟವೊಂದು ವಾಲಿತ್ತು. ಷಡ್ಡಕ ಅದನ್ನು ತೋರಿಸಿ ಹಿಡಿ ಎಂದ. ನಾನು ಹಿಡಿದೆ, ಅವನು ಬಡಿದ.